ಮಸಾಲೆ ಡಬ್ಬಿಯ ನಡುವಿನ ಬಟ್ಟಲು

ನಮ್ಮ ಮನೆಯಲ್ಲಿ ಎರಡು ಮಸಾಲೆ ಡಬ್ಬಿಗಳಿವೆ. ಒಂದರಲ್ಲಿ ಸಾಸಿವೆ, ಜೀರಿಗೆ, ಅರಿಸಿನ ಇರುತ್ತವೆ. ಇನ್ನೊಂದರಲ್ಲಿ ನೊಣಗಳಿರುತ್ತವೆ.

ಗಾಬರಿಯಾಗಬೇಡಿ. ಎರಡನೆಯ ಡಬ್ಬಿ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ನನ್ನ ಹೆಂಡತಿ ಗಿರಿಜಾ ಇರುವವರೆಗೆ ದಾಟುವಂತೆಯೂ ಇಲ್ಲ. ಚಪ್ಪಲಿ ಬಿಡುವ ಜಾಗದ ಮೇಲೊಂದು ಗೂಡಿದೆ, ಕರೆಂಟ್ ಮೀಟರಿನ ಪಕ್ಕ, ಅಲ್ಲಿ ಅದರ ವಾಸ. ಮುಚ್ಚಳ ಸರಿಯಾಗಿ ಕೂಡುವುದಿಲ್ಲ ಎಂದು ಅವಳು ಅದನ್ನು ಹಳೇ ಸಾಮಾನಿನವನಿಗೆ ಹಾಕಲು ತೆಗೆದಿಟ್ಟಿದ್ದಳು. ಅವನು ಓಣಿಗೆ ಬರುವ ಮೊದಲೇ ನಾನು ಎತ್ತಿಕೊಂಡೆ. ಸೋಪು, ಹುಣಸೆಹಣ್ಣು, ಬೂದಿ ಎಲ್ಲ ಹಾಕಿ ತಿಕ್ಕಿದರೂ ಇಂಗಿನ ವಾಸನೆ ಮಾತ್ರ ಇವತ್ತಿಗೂ ಹೋಗಿಲ್ಲ.

ನೊಣ ಎಂದೆನಲ್ಲ, ಅದು ಹಾರುವ ನೊಣವಲ್ಲ. ಮೀನಿನ ಗಾಳಕ್ಕೆ ರೇಷ್ಮೆ ದಾರ, ಕೋಳಿಯ ಗರಿ, ಜರಿ ಇವನ್ನೆಲ್ಲ ಸುತ್ತಿ ಹುಳುವಿನ ವೇಷ ಹಾಕಿಸಿದ ವಸ್ತು. ಬಲ್ಲವರು ಅದನ್ನು ಫ್ಲೈ ಎನ್ನುತ್ತಾರೆ. ಗಿರಿಜಾ ನೊಣ ಎನ್ನುತ್ತಾಳೆ, ಕೇಳಿ ಕೇಳಿ ನನಗೂ ಅದೇ ಬಾಯಿಗೆ ಬಂದಿದೆ. ಎರೆಹುಳುವನ್ನು ಸಿಕ್ಕಿಸಿದರೆ ಮೀನು ಬರುತ್ತದೆ, ನಿಜ. ಆದರೆ ಅದರಲ್ಲಿ ಹೆಚ್ಚುಗಾರಿಕೆ ಹುಳುವಿನದೇ ಹೊರತು ನಮ್ಮದಲ್ಲ. ತಿನ್ನಲು ಏನೇನೂ ಇಲ್ಲದ ವಸ್ತುವೊಂದನ್ನು ಚಂದ ಮಾಡಿ ತೋರಿಸಿ, ಹಸಿದವನು ತಾನಾಗಿಯೇ ಬಂದು ಬಾಯಿ ಹಾಕುವಂತೆ ಮಾಡಬೇಕು, ಅದು ವಿದ್ಯೆ. ಇದನ್ನು ಹೆಮ್ಮೆಯಿಂದ ವಿವರಿಸಿದಾಗ ಗಿರಿಜಾ, "ಅದನ್ನ ನೋಡಾಕ ಕೆರೀತನಕ ಯಾಕ ಹೋಗ್ಬೇಕ್ರಿ? ಅಮೀರ್‌ಪೇಟಿಗೆ ಹೋಗ್ರಿ, ಗ್ವಾಡಿ ತುಂಬ ಕೋಚಿಂಗ್ ಸೆಂಟರಿನ ಬೋರ್ಡ್ ಹಚ್ಯಾರ" ಎಂದಳು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಸೋಮವಾರ ಉಳ್ಳಾಗಡ್ಡಿಯನ್ನೂ ಮುಟ್ಟದ ಮನೆತನ. ಮೀನು ಸಿಕ್ಕರೂ ತಿನ್ನುವಂತಿಲ್ಲ, ತಿರುಗಿ ನೀರಿಗೆ ಬಿಡಬೇಕು. ಶಿವನ ದಯದಿಂದ ಆ ಧರ್ಮಸಂಕಟ ನನಗೆ ಹೆಚ್ಚು ಸಲ ಬಂದಿಲ್ಲ.

ಸಿಕಂದರಾಬಾದಿನ ಒಂದು ಓಣಿಯಲ್ಲಿ ನನ್ನದು ಮ್ಯಾಚಿಂಗ್ ಸೆಂಟರ್. ಫಾಲ್, ಅಸ್ತರು, ಲೇಸು, ಜಂಪರ್ ಪೀಸು ಎಂಬ ರವಿಕೆ ಬಟ್ಟೆ, ದಾರದ ರೀಲು. ಸೀರೆಯೊಂದನ್ನು ಬಿಟ್ಟು ಸೀರೆಗೆ ಬೇಕಾದ್ದೆಲ್ಲ ಸಿಗುತ್ತದೆ. ಗುಲಾಬಿ ಎಂದರೆ ಒಂದೇ ಬಣ್ಣ ಎಂದು ನೀವು ತಿಳಿದಿದ್ದರೆ ಒಂದು ಮಧ್ಯಾಹ್ನ ಬಂದು ನನ್ನ ಕೌಂಟರಿನ ಹಿಂದೆ ಕುಳಿತುಕೊಳ್ಳಿ. ಸೀರೆಯ ಅಂಚನ್ನು ಮುಂದಕ್ಕೆ ಚಾಚಿ "ಅನ್ನಾ, ಇಂಕೊಂಚೆಂ ಲೈಟ್" ಎನ್ನುವರು ಒಬ್ಬರು, "ಭಾಯಿಜಾನ್, ಜರಾ ಗಹ್ರಾ" ಎಂದು ಇನ್ನಷ್ಟು ಗಾಢ ಕೇಳುವರು ಇನ್ನೊಬ್ಬರು. ಇಪ್ಪತ್ತು ರೀಲು ಕೌಂಟರಿನ ಮೇಲೆ ಉರುಳಿದ ಮೇಲೆ, ಟ್ಯೂಬ್‌ಲೈಟಿನಲ್ಲಿ ಬಣ್ಣ ತಿಳಿಯುವುದಿಲ್ಲವೆಂದು ಎರಡು ರೀಲು ಹಿಡಿದು ಬಿಸಿಲಿಗೆ ಹೋಗುತ್ತಾರೆ. ನಡುರಸ್ತೆಯಲ್ಲಿ ಆಕಾಶಕ್ಕೆ ದಾರ ಹಿಡಿದು ನಿಂತ ಹೆಂಗಸಿಗಾಗಿ ಸಿಟಿ ಬಸ್ಸು ಬ್ರೇಕ್ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೊನೆಗೆ ಒಯ್ಯುವುದು ಮೊದಲು ತೋರಿಸಿದ್ದನ್ನೇ. ಸೀರೆಯ ಕೆಳಗೆ, ಒಳಗಡೆ, ಯಾರ ಕಣ್ಣಿಗೂ ಬೀಳದ ಫಾಲಿಗೆ ಇಷ್ಟು ಚಿಂತೆಯೇ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ದೇವರು ಅದನ್ನು ಗಮನಿಸಿದ್ದನೆಂದು ಈಗ ಅನ್ನಿಸುತ್ತದೆ.

ಯಾಕೆಂದರೆ ಒಂದು ದಿನ ಕಂಟೋನ್ಮೆಂಟ್ ಕಡೆಯ ನಿವೃತ್ತ ಮೇಜರ್ ಸಾಹೇಬರೊಬ್ಬರು ಅಂಗಡಿಗೆ ಬಂದು, ಸೀರೆಯಿಲ್ಲದೆ, ಹೆಂಡತಿಯಿಲ್ಲದೆ, ತುಕ್ಕಿನ ಬಣ್ಣದ ರೇಷ್ಮೆ ದಾರ ಕೇಳಿದರು. ಗಂಡಸು ತನ್ನಷ್ಟಕ್ಕೆ ತಾನು ದಾರ ಆರಿಸುವುದನ್ನು ನಾನು ನೋಡಿರಲಿಲ್ಲ. ಏನಕ್ಕೆ ಸಾಹೇಬರೇ ಎಂದೆ. ಜೇಬಿನಿಂದ ಒಂದು ಪುಟ್ಟ ಡಬ್ಬಿ ತೆಗೆದು ಅಂಗೈ ಮೇಲೆ ಒಂದು ನೊಣ ಇಟ್ಟರು. ಅಕ್ಕಸಾಲಿಗ ಮಾಡಿದ ಹುಳುವಿನ ಹಾಗಿತ್ತು. ಆಮೇಲೆ ಪ್ರತಿ ವಾರ ಬಂದರು, ಕೌಂಟರಿನ ಅಂಚಿಗೆ, ಗಾಳವನ್ನು ಕಚ್ಚಿ ಹಿಡಿಯುವ ಬೆರಳುದ್ದದ ವೈಸ್ ಬಿಗಿದು ನೊಣ ಕಟ್ಟುವುದನ್ನು ಕಲಿಸಿದರು. ಮಗಳ ಊರಿಗೆ ಹೋಗಿ ನೆಲೆಸುವಾಗ ಆ ವೈಸು, ಬೆತ್ತದಂಥ ಗಾಳದ ಕಡ್ಡಿ, ಒಂದು ಹಳೇ ಹುಂಜದ ಕುತ್ತಿಗೆಯ ಗರಿಗಳು, ಇಷ್ಟನ್ನೂ ನನಗೆ ಕೊಟ್ಟು ಹೋದರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಎಲ್ಲ ಅಂಗಡಿಯವರೂ ನೊಣ ಹೊಡೆಯುತ್ತಾರೆ. ನಾನು ಅಂದಿನಿಂದ ನೊಣ ಕಟ್ಟತೊಡಗಿದೆ.

ಕಟ್ಟುವುದೇನೋ ಬಂತು. ಕಷ್ಟವಿರುವುದು ಆರಿಸುವುದರಲ್ಲಿ.

ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಶಂಶಾಬಾದ್ ದಾಟಿ, ಹೆದ್ದಾರಿ ಬಿಟ್ಟು ಒಳಗೆ ಹೋದರೆ ಒಂದು ಕೆರೆ. ಮೂರು ಕಡೆ ಪ್ಲಾಟಿನ ಕಲ್ಲು ನೆಟ್ಟಿದ್ದಾರೆ, ನಾಲ್ಕನೆಯ ಕಡೆ ಸದ್ಯ ನೀರಿದೆ. ತಲೆಯ ಮೇಲೆ ವಿಮಾನಗಳು ಚಕ್ರ ಬಿಚ್ಚಿಕೊಂಡು ಇಳಿಯುತ್ತಿರುತ್ತವೆ. ಮೊದಲ ದಿನ ಕೆರೆ ಕಾಯುವವನು ಕೋಲು ಹಿಡಿದು ಓಡಿಬಂದ. ಡಬ್ಬಿ ತೆರೆದು ತೋರಿಸಿದೆ. ಒಂದೊಂದನ್ನೂ ನೋಡಿದ, ನನ್ನ ಮುಖ ನೋಡಿದ, ಇವನಿಂದ ಮೀನುಗಳಿಗೆ ಅಪಾಯವಿಲ್ಲವೆಂದು ಖಾತ್ರಿಯಾಗಿ ಹೊರಟುಹೋದ. ಆಮೇಲೆ ಎಂದೂ ತಕರಾರು ಮಾಡಲಿಲ್ಲ.

ದಂಡೆಯ ಮೇಲೆ ಕುಳಿತು ಡಬ್ಬಿ ತೆರೆಯುತ್ತೇನೆ. ಸುತ್ತ ಆರು ಬಟ್ಟಲು, ನಡುವೆ ಒಂದು. ಸಾಸಿವೆಯ ಬಟ್ಟಲಲ್ಲಿ ಕಪ್ಪು ಸಣ್ಣವು. ಜೀರಿಗೆಯದರಲ್ಲಿ ಕಂದು, ಕಂದು ಎಂದರೆ ಒಂದೇ ಎಂದುಕೊಳ್ಳಬೇಡಿ, ಹುರಿದ ಜೀರಿಗೆ, ಹುರಿಯದ ಜೀರಿಗೆ, ಸೀದ ಜೀರಿಗೆ ಮೂರೂ ಇವೆ. ಖಾರದ ಪುಡಿಯ ಬಟ್ಟಲಲ್ಲಿ ಕುಂಕುಮಗೆಂಪಿನ ಮೂರು ನೊಣಗಳು, ಸೊಂಟಕ್ಕೆ ಜರಿ ಸುತ್ತಿ ಮದುವೆಗೆ ಹೊರಟಂತೆ ಕುಳಿತಿರುತ್ತವೆ. ಬೆಳಕು ಮಂದವಿದ್ದರೆ ಕಪ್ಪು, ನೀರು ಕದಡಿದ್ದರೆ ಕೆಂಪು, ಗಾಳಿಯಿದ್ದರೆ ದಪ್ಪನೆಯದು ಎಂದು ಮೇಜರ್ ಸಾಹೇಬರು ಹೇಳಿದ್ದರು. ಬೆಳಕು ಮಂದವಿದ್ದು, ನೀರು ಕದಡಿ, ಗಾಳಿಯೂ ಬೀಸಿದರೆ ಏನು ಮಾಡಬೇಕೆಂದು ಹೇಳುವ ಮೊದಲೇ ಹೋಗಿಬಿಟ್ಟರು. ನಾನು ಒಂದನ್ನು ಎತ್ತುತ್ತೇನೆ, ಆಕಾಶಕ್ಕೆ ಹಿಡಿಯುತ್ತೇನೆ. ಇನ್ನೊಂದು ಸ್ವಲ್ಪ ಲೈಟ್ ಇದ್ದರೆ ಎನ್ನಿಸುತ್ತದೆ. ಪಕ್ಕದ ಬಟ್ಟಲಿನದನ್ನು ಎತ್ತುತ್ತೇನೆ. ಬೇವಿನ ಮರದ ನೆರಳಿನಲ್ಲಿ ಬಣ್ಣ ತಿಳಿಯುವುದಿಲ್ಲವೆಂದು ಎದ್ದು ಬಿಸಿಲಿಗೆ ಹೋಗುತ್ತೇನೆ. ಸಿಟಿ ಬಸ್ಸು ಒಂದು ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಹೀಗೆ ಎದ್ದು ಕೂತು ಮಾಡುತ್ತಿದ್ದ ಒಂದು ಭಾನುವಾರ ಹಿಂದಿನಿಂದ ಕನ್ನಡ ಕೇಳಿಸಿತು.

"ಹೆಣ್ಣ ನೋಡಾಕ ಬಂದೀರೇನ್ರಿ, ಯಪ್ಪಾ?"

ಸಾಬಣ್ಣ ಪರಿಚಯವಾದದ್ದು ಹಾಗೆ. ಯಾದಗಿರಿ ಕಡೆಯವನು, ನಲವತ್ತರ ಆಸುಪಾಸು, ಶಂಶಾಬಾದಿನಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ಗೋಡೆ ಕಟ್ಟುವ ಗೌಂಡಿ. ಹೆಂಡತಿಯೊಂದಿಗೆ ಸೈಟಿನ ತಗಡಿನ ಶೆಡ್ಡಿನಲ್ಲಿ ವಾಸ. ತಲೆಯ ಮೇಲೆ ಸಿಮೆಂಟ್ ಕಂಪನಿಯವರು ಹಂಚಿದ ಬಟ್ಟೆಯ ಟೊಪ್ಪಿಗೆ, ಅಕ್ಷರ ಅಳಿಸಿ ಹೋಗಿತ್ತು. ಕೈಯಲ್ಲಿ ಬಿದಿರ ಕಡ್ಡಿ, ಕಿಸೆಯಲ್ಲಿ ಜೋಳದ ಹಿಟ್ಟಿನ ಉಂಡೆ. ನಾನು ಮೂರನೆಯ ಬಟ್ಟಲಿಗೆ ಬರುವಷ್ಟರಲ್ಲಿ ಅವನು ನಾಲ್ಕು ಜಿಲೇಬಿ ಮೀನು ಹಿಡಿದು ಒಂದು ಬಳ್ಳಿಗೆ ಪೋಣಿಸಿದ್ದ. ನನಗೆ ಅಂಗಡಿಯಿದೆಯೆಂದು ತಿಳಿದ ಮೇಲೆ 'ಯಪ್ಪಾ' ಹೋಗಿ 'ಸಾವ್ಕಾರ್ರ' ಆಯಿತು.

"ಇಮಾನದ ಸಪ್ಪಳಕ್ಕ ಮೀನು ಕೆಳಗ ಹೋಗಿಬಿಡ್ತಾವು, ಸಾಬಣ್ಣ" ಎಂದು ನಾನು ಸಮಜಾಯಿಷಿ ಕೊಡುತ್ತಿದ್ದೆ.

"ಹೌದೌದ್ರಿ. ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ" ಎಂದು ಅವನು ಐದನೆಯದನ್ನು ಎಳೆಯುತ್ತಿದ್ದ.

ಬರಬರುತ್ತ ಭಾನುವಾರವೆಂದರೆ ಅವನ ಮಾತು ಎಂದಾಯಿತು. ಮನೆಯ ಹೊರಗೆ ದಿನವಿಡೀ ತೆಲುಗು, ಹಿಂದಿ ಆಡಿ ಆಡಿ ನಾಲಿಗೆ ಒಣಗಿರುತ್ತದೆ. ಕೆರೆಯ ದಂಡೆಯ ಮೇಲೆ ನಮ್ಮ ಕಡೆಯ ಬೈಗುಳ ಕೇಳಿದರೂ ತಂಪೆನಿಸುತ್ತಿತ್ತು. ಗಿರಿಜಾ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ಇಬ್ಬರೂ ತಿನ್ನುತ್ತಿದ್ದೆವು. ಅವನು ಒಮ್ಮೊಮ್ಮೆ ಡಬ್ಬಿಯ ಮೇಲೆ ಬಗ್ಗಿ, ಒಂದು ಕಣ್ಣು ಮುಚ್ಚಿ, ಗೋಡೆಯ ಸೊಟ್ಟು ನೋಡುವವನಂತೆ ನನ್ನ ನೊಣಗಳನ್ನು ನೋಡುತ್ತಿದ್ದ. ಮೂಸಿಯೂ ನೋಡುತ್ತಿದ್ದ. "ಮೀನು ಬರದಿದ್ರೂ ಒಗ್ಗರಣಿ ವಾಸನಿ ಬರ್ತೈತಿ ನೋಡ್ರಿ" ಎನ್ನುತ್ತಿದ್ದ.

ಆದರೆ ನಡುವಿನ ಬಟ್ಟಲಿಗೆ ನಾನು ಅವನ ಕೈ ತಾಗಗೊಡುತ್ತಿರಲಿಲ್ಲ.

ಆ ಬಟ್ಟಲಲ್ಲಿ ಒಂದೇ ಒಂದು ನೊಣ ಇತ್ತು. ನೊಣವೆಂದರೂ ಅದು ಕಪ್ಪೆಮರಿಯ ವೇಷ. ಮೇಜರ್ ಸಾಹೇಬರು ಕೊಟ್ಟ ಹುಂಜದ ಗರಿಯಲ್ಲಿ ಉಳಿದಿದ್ದ ಕೊನೆಯ ಎರಡು ಗರಿ ಅದರ ಕಾಲುಗಳಾಗಿದ್ದವು. ಹೊಟ್ಟೆಯ ಕೆಂಪು ಪಟ್ಟಿ ನನ್ನ ಅವ್ವನ ಇಳಕಲ್ ಸೀರೆಯ ಸೆರಗಿನಿಂದ, ಗಿರಿಜಾ ನೋಡದಾಗ, ಬಿಚ್ಚಿದ ಎಳೆ. ಅವ್ವ ತೀರಿಕೊಂಡು ವರ್ಷಗಳಾಗಿದ್ದವು, ಆ ಸೀರೆ ಟ್ರಂಕಿನಲ್ಲಿತ್ತು. ಮೂರು ಭಾನುವಾರ ಕೆರೆಗೆ ಹೋಗದೆ ಅಂಗಡಿಯಲ್ಲೇ ಕೂತು ಅದನ್ನು ಕಟ್ಟಿದ್ದೆ. ಅಂಥದ್ದು ಇನ್ನೊಮ್ಮೆ ನನ್ನ ಕೈಯಿಂದ ಬರುವುದಿಲ್ಲ. ಹಾಗಾಗಿ ಅದನ್ನು ನೀರಿಗೆ ತಾಗಿಸುವ ಪ್ರಶ್ನೆಯೇ ಇರಲಿಲ್ಲ. ಗಿರಿಜಾ ಗೂಡು ಒರೆಸುವಾಗೆಲ್ಲ ಮುಚ್ಚಳ ಎತ್ತಿ ನೋಡಿ, "ಇದು ಬೀಗರಿಗೇನ್ರಿ?" ಎಂದು ಕೇಳುತ್ತಿದ್ದಳು.

ಅವಳು ಹಾಗೆ ಕೇಳಲು ಕಾರಣವಿದೆ. ನಾನು ಬೆಳೆದ ಗುರುಮಠಕಲ್ಲಿನ ಮನೆಯಲ್ಲಿ ಒಳ್ಳೆಯದೆಲ್ಲ ಬೀಗರಿಗೆ. ಅಕ್ಕನನ್ನು ಕೊಟ್ಟ ಮನೆಯವರು ಯಾವಾಗ ಬಾಗಿಲಲ್ಲಿ ನಿಲ್ಲುವರೋ ತಿಳಿಯದು. ಬಂಗಾರದ ಅಂಚಿನ ಆರು ಗಾಜಿನ ಲೋಟ, ಸೊಲ್ಲಾಪುರದ ಚಾದರ, ಹೊಸ ಟವೆಲು ಎಲ್ಲ ಟ್ರಂಕಿನಲ್ಲಿ ಡಾಂಬರ್ ಗುಳಿಗೆಯ ವಾಸನೆ ಕುಡಿಯುತ್ತ ಅವರಿಗಾಗಿ ಕಾದಿರುತ್ತಿದ್ದವು. ಅಪ್ಪ ಒಮ್ಮೆ ಹೈದರಾಬಾದಿನಿಂದ ಒಂದು ತಗಡಿನ ಡಬ್ಬಿ ಉಸ್ಮಾನಿಯಾ ಬಿಸ್ಕೀಟು ತಂದರು. ಅವ್ವ ಅದನ್ನು ನಮ್ಮ ಕೈಗೆ ನಿಲುಕದ ಹಲಗೆಯ ಮೇಲಿಟ್ಟು "ಬೀಗರು ಬಂದಾಗ" ಎಂದಳು. ನಾನು, ತಮ್ಮ ಇಬ್ಬರೂ ದಿನಾ ಸಂಜೆ ಅಂಗಳದಲ್ಲಿ ನಿಂತು ಬೀಗರ ದಾರಿ ಕಾಯುತ್ತಿದ್ದೆವು. ಅಕ್ಕನ ಮಾವನಿಗಾಗಿ ಜಗತ್ತಿನಲ್ಲಿ ಯಾರೂ ಅಷ್ಟು ಪ್ರೀತಿಯಿಂದ ಕಾದಿರಲಿಕ್ಕಿಲ್ಲ. ಎರಡು ತಿಂಗಳ ಮೇಲೆ ಬಂದರು. ಬಂದದ್ದು ಶ್ರಾವಣ ಸೋಮವಾರ, ಅವರಿಗೆ ಉಪವಾಸ. ಬಾಳೆಹಣ್ಣು ತಿಂದು ಹೋದರು. ಅವ್ವ ಡಬ್ಬಿ ತೆಗೆದಾಗ ಬಿಸ್ಕೀಟು ಮುಂಗಾರಿನ ತೇವಕ್ಕೆ ಹಿಟ್ಟಿನ ಹಾಗೆ ಮೆತ್ತಗಾಗಿದ್ದವು. ನಾವು ಚಮಚದಿಂದ ತಿಂದೆವು. ಆಗ ಅತ್ತದ್ದು ಇನ್ನೂ ನೆನಪಿದೆ, ಪಾಠ ಕಲಿತದ್ದು ಮಾತ್ರ ನೆನಪಿಲ್ಲ.

ಇದೇ ಬುದ್ಧಿ ಅಂಗಡಿಯಲ್ಲೂ ನಡೆಯುತ್ತದೆ. ನನ್ನಲ್ಲಿ ಜಂಪರ್ ಪೀಸಿನ ಎರಡು ಥಾಕುಗಳಿವೆ, ಒಂದು ಅಟ್ಟಿ ಹೊಲಿಸಿ ಉಡಲು, ಇನ್ನೊಂದು ಉಡಿ ತುಂಬಿ ಕೊಡಲು. ಈ ಎರಡನೆಯದನ್ನು ತೆಲುಗಿನವರು 'ಪೆಟ್ಟುಬಡಿ' ಎಂದು ಕೇಳುತ್ತಾರೆ. ನಮ್ಮ ಕಡೆಯವರು ಮುಚ್ಚುಮರೆಯಿಲ್ಲದೆ, "ಕೊಡಾಕ ಬೇಕ್ರಿ, ಉಡಾಕಲ್ಲ" ಎನ್ನುತ್ತಾರೆ. ಕೊಡುವ ಪೀಸನ್ನು ಯಾರೂ ಬಿಸಿಲಿಗೆ ಹಿಡಿದು ನೋಡುವುದಿಲ್ಲ. ಅದು ಉಡಿಯಲ್ಲಿ ಬಂದು, ಟ್ರಂಕಿನಲ್ಲಿ ಕೂತು, ಮುಂದಿನ ಮದುವೆಯಲ್ಲಿ ಇನ್ನೊಬ್ಬರ ಉಡಿಗೆ ಹೋಗುತ್ತದೆ. ಕತ್ತರಿಯ ಮುಖ ಕಾಣುವುದಿಲ್ಲ. ಒಮ್ಮೆ ನೇರಳೆ ಪೀಸೊಂದರ ಮೂಲೆಗೆ ನನ್ನ ಪೆನ್ನಿನ ಶಾಯಿ ಸೋರಿ ಬದನೆಕಾಯಿ ಆಕಾರದ ಕಲೆಯಾಯಿತು. ಕೊಡುವ ಥಾಕಿನಲ್ಲಿ ತುರುಕಿ ಮಾರಿಬಿಟ್ಟೆ. ನಾಲ್ಕು ವರ್ಷದ ನಂತರ ಗಿರಿಜಾ ಬಸುರಿಯೊಬ್ಬಳ ಕುಬಸಕ್ಕೆ ಹೋಗಿ ಬಂದು ಉಡಿ ಬಿಚ್ಚಿದರೆ ಬದನೆಕಾಯಿ ನನ್ನನ್ನೇ ನೋಡುತ್ತಿತ್ತು. ನನಗಿಂತ ಹೆಚ್ಚು ಊರು ತಿರುಗಿ ಬಂದಿತ್ತು. ಗಿರಿಜಾ ಒಂದು ಗಳಿಗೆ ಅದನ್ನು ನೋಡಿದಳು, ಮಡಚಿದಳು, "ಕೊಡೋದರಾಗ ಇಡ್ತೀನಿ" ಎಂದಳು. ಈ ಕತೆ ಹೇಳಿದಾಗ ಸಾಬಣ್ಣ ರೊಟ್ಟಿ ನೆತ್ತಿಗೇರುವಷ್ಟು ನಕ್ಕಿದ್ದ. "ನಮ್ಮ ಮನ್ಯಾಕೀದೂ ಒಂದ ಗಂಟೈತ್ರಿ, ಬರೇ ಕೊಡೋವು" ಎಂದಿದ್ದ.

ಒಂದು ಭಾನುವಾರ ಅವನು ಗಾಳ ಹಾಕದೆ ಸುಮ್ಮನೆ ಬಂದು ಕೂತ.

"ಸೈಟಿನ ಕೆಲಸ ಮುಗೀತ್ರಿ ಸಾವ್ಕಾರ್ರ. ಪುಣೇಕ ಹೊಂಟೇವಿ. ಇನ್ನ ಎರಡ ವಾರ."

ನನಗೆ ಕಸಿವಿಸಿಯಾಯಿತು. "ಅಲ್ಲಿ ಛಲೋ ಕೆರಿ ಅದಾವಂತ" ಎಂದೆ. ಪುಣೆಯ ಕೆರೆಗಳ ಬಗ್ಗೆ ನನಗೇನೂ ಗೊತ್ತಿರಲಿಲ್ಲ.

ಅವನು ಎದುರಿನ ಜೊಂಡಿನ ಕಡೆ ಕೈ ತೋರಿಸಿದ. ಅಲ್ಲೊಂದು ಕೊರಮೀನು ಇತ್ತು. ವರ್ಷದಿಂದ ಇಬ್ಬರೂ ನೋಡುತ್ತಿದ್ದೆವು. ಹಾವಿನಂಥ ತಲೆ, ತೋಳಿನಷ್ಟು ದಪ್ಪ ಮೈ, ಆಗಾಗ ಮೇಲೆದ್ದು ಗುಳುಂ ಎಂದು ಗಾಳಿ ಕುಡಿದು ಮುಳುಗುವ ಮೀನು. ಹಿಟ್ಟಿನ ಉಂಡೆಯನ್ನು ಅದು ತಿರುಗಿಯೂ ನೋಡುತ್ತಿರಲಿಲ್ಲ. ಓಡಾಡುವ ಕಪ್ಪೆ, ಹುಳು ಬೇಕು ಅದಕ್ಕೆ.

"ಹೋಗೂದರಾಗ ಅದನ್ನೊಂದ ಸಲ ಕೈಯಾಗ ಹಿಡೀಬೇಕಂತ ಆಸೆ ಐತ್ರಿ. ನಿಮ್ಮ ಡಬ್ಬ್ಯಾಗಿಂದು ಒಂದ ನೊಣ ಕೊಡ್ತೀರೇನ್ರಿ?"

ವರ್ಷದಲ್ಲಿ ಅವನು ಏನನ್ನೂ ಕೇಳಿರಲಿಲ್ಲ. ನಾನು ಡಬ್ಬಿ ತೆರೆದೆ. ಆ ಮೀನಿಗೆ ಯಾವುದು ಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದು ನಡುವಿನ ಬಟ್ಟಲಲ್ಲಿತ್ತು. ನನ್ನ ಬೆರಳು ಅದನ್ನು ಸುತ್ತಿ, ಒಂದೊಂದೇ ಬಟ್ಟಲು ದಾಟಿ, ಕೊನೆಗೆ ಇಂಗಿನ ಬಟ್ಟಲಿಗೆ ಹೋಯಿತು. ಅದರಲ್ಲಿ ನಾನು ಮೊದಮೊದಲು ಕಟ್ಟಿದವು ಇರುತ್ತಿದ್ದವು. ಯಾವ ಗಿರಾಕಿಯೂ ಒಪ್ಪದೆ ಉಳಿದ ಗಿಳಿಹಸಿರು ದಾರ ಸುತ್ತಿದ ಒಂದನ್ನು ತೆಗೆದೆ. ಅದು ನನ್ನ ಮೊದಲನೆಯ ನೊಣ. ವೈಸನ್ನು ಅತಿಯಾಗಿ ಬಿಗಿದು ಗಾಳದ ಮೊನೆ ಅಂದೇ ಮುರಿದಿತ್ತು. ಗರಿ ಮುಚ್ಚಿಕೊಂಡಿದ್ದರಿಂದ ಮೇಲೆ ಕಾಣುತ್ತಿರಲಿಲ್ಲ. ಅದು ನನಗೆ ನೆನಪಿರಲಿಲ್ಲವೆಂದು ಬರೆದರೆ ನೀವು ನಂಬಬಹುದು, ಆದರೆ ನೆನಪಿತ್ತು. ಹೇಗೂ ಕೊರಮೀನು ಸಿಗುವುದಿಲ್ಲ, ಸುಮ್ಮನೆ ಒಳ್ಳೆಯದನ್ನೇಕೆ ಕಳೆಯಬೇಕು ಎಂದು ಒಳಗಿನ ವ್ಯಾಪಾರಿ ಹೇಳಿದ. ಅವನ ಮಾತು ನನಗೆ ಯಾವಾಗಲೂ ಸರಿ ಅನ್ನಿಸುತ್ತದೆ.

ಸಾಬಣ್ಣ ಎರಡೂ ಕೈಯಲ್ಲಿ ತೆಗೆದುಕೊಂಡ. ಒಂದು ಕಣ್ಣು ಮುಚ್ಚಿ ನೋಡಿದ. ಆಮೇಲೆ ಅದನ್ನು ಕಣ್ಣಿಗೊತ್ತಿಕೊಂಡ.

ಮುಂದಿನ ಭಾನುವಾರ ಬಂದಾಗ ಅದು ಅವನ ಟೊಪ್ಪಿಗೆಯ ಮೇಲಿತ್ತು. ಹಣೆಯ ಮೇಲ್ಗಡೆ, ಅಕ್ಷರ ಅಳಿಸಿದ ಜಾಗದಲ್ಲಿ, ಬಿಳಿ ದಾರದಿಂದ ಅಚ್ಚುಕಟ್ಟಾಗಿ ಹೊಲಿದಿದ್ದರು. ಗಿಳಿಹಸಿರು ಬಿಸಿಲಿಗೆ ಮಿನುಗುತ್ತಿತ್ತು.

"ಹಾಕಿ ನೋಡಲಿಲ್ಲೇನು?" ಎಂದೆ.

"ನೀವು ಕಟ್ಟಿದ್ದಲ್ರಿ. ನೀರಿಗೆ ಹಾಕಾಕ ಮನಸಾಗಲಿಲ್ಲ" ಎಂದ.

ನನಗೆ ರೊಟ್ಟಿ ಸೇರಲಿಲ್ಲ. ಮನೆಗೆ ಬಂದು ಸಿಡಿಮಿಡಿಗೊಂಡೆ, ವಾರವಿಡೀ ಗಿರಾಕಿಗಳ ಮೇಲೆ ಸಿಟ್ಟು ತೆಗೆದೆ. ಒಬ್ಬಾಕೆ ಹದಿನೆಂಟನೆಯ ರೀಲು ಕೇಳಿದಾಗ, "ಅಮ್ಮಾ, ಒಳಗ 'ಬ್ಯಾಡ' ಅಂತ ಇದ್ರ ಯಾವ ಬಣ್ಣಾನೂ ಮ್ಯಾಚ್ ಆಗಂಗಿಲ್ಲ" ಎಂದು ಕನ್ನಡದಲ್ಲಿ ಹೇಳಿಬಿಟ್ಟೆ. ಆಕೆ ತೆಲುಗಿನವರು, ಅರ್ಥವಾಗದೆ ನಕ್ಕು ಹದಿನೆಂಟನೆಯದನ್ನೇ ಒಯ್ದರು.

ಕೊನೆಯ ಭಾನುವಾರ ಬಂತು. ಮರುದಿನ ಅವರ ರೈಲು. ನಾನು ಹೋಗುವಷ್ಟರಲ್ಲಿ ಸಾಬಣ್ಣ ಜೊಂಡಿನ ಹತ್ತಿರವೇ ಕೂತಿದ್ದ. ಕೈಸನ್ನೆ ಮಾಡಿ ಸದ್ದು ಮಾಡಬೇಡಿ ಎಂದ. ಎರಡು ಮಾರು ದೂರದಲ್ಲಿ ಕೊರಮೀನು ಮೇಲೆದ್ದು, ಗಾಳಿ ಕುಡಿದು, ಅಲ್ಲೇ ನೆರಳಾಗಿ ನಿಂತಿತು.

"ಇವತ್ತ ಹಾಕೇಬಿಡ್ತೀನ್ರಿ ಸಾವ್ಕಾರ್ರ. ಮತ್ತ ಯಾವಾಗ?"

ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಹೊಲಿಗೆಯ ದಾರ ಬಿಚ್ಚತೊಡಗಿದ. ಅವಸರವಿಲ್ಲದೆ, ಒಂದೊಂದೇ ಎಳೆ. ನಾನು ನೋಡುತ್ತ ನಿಂತೆ. ಈಗ ಅದನ್ನು ಕಟ್ಟುತ್ತಾನೆ, ಮೀನು ಬಾಯಿ ಹಾಕುತ್ತದೆ, ಮೊನೆಯಿಲ್ಲದ ಗಾಳ ಜಾರಿ ಬರುತ್ತದೆ. ವರ್ಷ ಕಾದ ಮೀನು ಹೋದದ್ದು ತನ್ನ ಕೈ ತಪ್ಪಿನಿಂದಲೇ ಎಂದುಕೊಂಡು ಇವನು ಪುಣೆಗೆ ಹೋಗುತ್ತಾನೆ. ಎರಡನೆಯ ಎಳೆ ಬಿಚ್ಚಿದ. ನನ್ನ ಕಿವಿ ಬಿಸಿಯಾದವು. ನಾಚಿಕೆಗೆ ಅಷ್ಟು ಶಾಖವಿದೆಯೆಂದು ಐವತ್ತೆರಡು ವರ್ಷ ನನಗೆ ತಿಳಿದಿರಲಿಲ್ಲ.

ಡಬ್ಬಿ ತೆರೆದೆ. ಬೆಳಕು ನೋಡಲಿಲ್ಲ, ಗಾಳಿ ನೋಡಲಿಲ್ಲ, ಆಕಾಶಕ್ಕೆ ಹಿಡಿಯಲಿಲ್ಲ. ನಡುವಿನ ಬಟ್ಟಲಿಗೆ ಎರಡು ಬೆರಳು ಹಾಕಿ ಕಪ್ಪೆಯನ್ನು ಎತ್ತಿದೆ.

"ಸಾಬಣ್ಣ, ಅದು ಬ್ಯಾಡ. ಅದು ಕೊಡೋದು. ಇದು ಉಡೋದು. ಇದನ್ನ ಕಟ್ಟು."

ಅವನು ಬಿಚ್ಚುವುದನ್ನು ನಿಲ್ಲಿಸಿದ. ತಲೆ ಎತ್ತಲಿಲ್ಲ.

"ಗೊತ್ತಿತ್ರಿ" ಎಂದ.

"ಏನ ಗೊತ್ತಿತ್ತು?"

"ಮೊನಿ ಇಲ್ಲದ್ದು. ಅವತ್ತ ಟೊಪಿಗಿಗೆ ಚುಚ್ಚಾಕ ಹೋದೆ, ಹೋಗಲೇ ಇಲ್ಲ. ಮನ್ಯಾಕಿ ಕಡಿಂದ ಹೊಲಿಸಿದೆ."

"ಮತ್ತ ಯಾಕ ಇಟ್ಕೊಂಡಿ?"

ಅವನಿಗೆ ನಗು ಬಂತು. "ವರ್ಷಾತು ಡಬ್ಬಿ ನೋಡಾಕತ್ತೀನ್ರಿ. ನಿಮ್ಮ ಕೈಯಿಂದ ಒಂದ ನೊಣಾನೂ ಯಾರಿಗೂ ಹೋಗಿದ್ದು ನೋಡಿದ್ದಿಲ್ಲ. ಮೊನಿ ಇಲ್ಲದ್ದರೆ ಆಗ್ವಲ್ದ್ಯಾಕ, ಒಂದ ಕೈ ಬಿಟ್ರಲ್ಲ ಅಂತ ಖುಷಿ ಆತು. ಇವತ್ತ ಅದು ಬಾಯಿ ಹಾಕೂದಾದ್ರೂ ನೋಡೂಣಂತ ಬಿಚ್ಚಾಕತ್ತಿದ್ದೆ."

ಅವನು ವ್ಯಂಗ್ಯವಾಡಿದನೋ ನಿಜ ಹೇಳಿದನೋ ಇವತ್ತಿಗೂ ನನಗೆ ಗೊತ್ತಾಗಿಲ್ಲ. ಎರಡೂ ಇರಬಹುದು. ಅವನು ಇನ್ನೂ ಕೈ ಚಾಚದಿದ್ದುದನ್ನು ನೋಡಿ ನಾನೇ ಅವನ ಬಿದಿರ ಕಡ್ಡಿಯ ದಾರ ಹಿಡಿದು ಕಪ್ಪೆಯನ್ನು ಕಟ್ಟಿದೆ. ಮೊದಲ ಗಂಟು ಜಾರಿತು, ಎರಡನೆಯದು ನಿಂತಿತು.

ಸಾಬಣ್ಣ ಕಡ್ಡಿ ಚಾಚಿ ಕಪ್ಪೆಯನ್ನು ಜೊಂಡಿನ ಬುಡದಲ್ಲಿ ಇಳಿಬಿಟ್ಟ, ಮಣಿಕಟ್ಟಿನಿಂದ ಮೆಲ್ಲಗೆ ಕುಣಿಸಿದ. ನೀರಿನಲ್ಲಿ ಅದರ ಕಾಲು ಬಿಚ್ಚಿಕೊಂಡವು. ನಾನು ಅದನ್ನು ನೀರಿನಲ್ಲಿ ನೋಡಿದ್ದು ಅದೇ ಮೊದಲು. ಅದಿಷ್ಟು ಚಂದ ಈಜುತ್ತದೆ ಎಂದು ಬಟ್ಟಲಲ್ಲಿದ್ದಾಗ ನನಗೆ ತಿಳಿದಿರಲಿಲ್ಲ. ಹೊಟ್ಟೆಯ ಕೆಂಪು ಪಟ್ಟಿ ಒಮ್ಮೆ ಹೊಳೆಯಿತು, ಅವ್ವ ಸೆರಗು ಸಿಕ್ಕಿಸಿಕೊಂಡು ಅಂಗಳ ದಾಟುತ್ತಿದ್ದದ್ದು ನೆನಪಾಯಿತು. ಅಷ್ಟರಲ್ಲಿ ಧಬ್ ಎಂದು ನೀರು ಒಡೆಯಿತು. ಕಡ್ಡಿ ಬಿಲ್ಲಾಯಿತು. "ಹಿಡಕೋ! ಸಡ್ಲ ಬಿಡಬ್ಯಾಡ!" ಎಂದು ನಾನು ಕೂಗಿದೆ, "ನೀವ ಸರೀರಿ!" ಎಂದು ಅವನು ಕೂಗಿದ, ಇಬ್ಬರೂ ಮೊಣಕಾಲುದ್ದ ಕೆಸರಿಗಿಳಿದೆವು. ಕೊರಮೀನಿನ ಬೆನ್ನು ಒಮ್ಮೆ ಪೂರ್ತಿ ಕಂಡಿತು, ನಾವು ಲೆಕ್ಕ ಹಾಕಿದ್ದಕ್ಕಿಂತ ದೊಡ್ಡದು. ಸಾಬಣ್ಣ ಎಡಗೈ ಚಾಚಿದ, ಅಂಗೈ ಅದರ ಬೆನ್ನಿಗೆ ತಾಗಿತು. ಮೀನು ಒಂದು ಸಲ ಕೊಡವಿತು, ದಾರ ಟಪ್ಪೆಂದಿತು, ನೀರು ಸಮವಾಯಿತು.

ಮೇಲೆ ಒಂದು ವಿಮಾನ ಇಳಿಯಿತು.

"ಬೀಗರಂಗ ಆಯೇರಿ ಮಾಡಿಸ್ಕೊಂಡ ಹೋತ ನೋಡ್ರಿ" ಎಂದ ಸಾಬಣ್ಣ. ಅಂಗೈಯನ್ನು ಮೂಸಿ ನೋಡಿಕೊಂಡು ನಕ್ಕ. "ಮುಟ್ಟಿದ್ನಿ, ಸಾವ್ಕಾರ್ರ. ಸಾಕು."

ನಾನು ಡಬ್ಬಿಯನ್ನೇ ಅವನ ಮುಂದೆ ಹಿಡಿದೆ. "ಯಾವುದ ಬೇಕೋ ತಗೋ. ಎಲ್ಲಾ ತಗೋ."

ಅವನು ಬೇಡವೆಂದು ತಲೆ ಆಡಿಸಿದ. ಟೊಪ್ಪಿಗೆ ಎತ್ತಿಕೊಂಡು, ಬಿಚ್ಚಿದ್ದ ಎರಡು ಎಳೆಗಳನ್ನು ಬಿಗಿಯಾಗಿ ಗಂಟು ಹಾಕಿ, ಕೆಸರು ಕೈಯಿಂದಲೇ ತಲೆಗೇರಿಸಿದ. ಗಿಳಿಹಸಿರು ನೊಣ ಸ್ವಲ್ಪ ಸೊಟ್ಟಗೆ ಕೂತಿತು.

"ಇದನ್ನ ಮುಂದಕ ಯಾರಿಗೂ ಕೊಡಂಗಿಲ್ರಿ ನಾ" ಎಂದ. "ಉಟ್ಟೀನಿ."

ಮರುದಿನ ಸಂಜೆ ನಾನು ಅಂಗಡಿಯಿಂದ ಬಂದಾಗ ಗಿರಿಜಾ ಗೂಡು ಒರೆಸುತ್ತಿದ್ದಳು. ಮಸಾಲೆ ಡಬ್ಬಿ ಅವಳ ಕೈಯಲ್ಲಿತ್ತು, ಮುಚ್ಚಳ ತೆಗೆದಿತ್ತು. ನಡುವಿನ ಬಟ್ಟಲನ್ನು ಬೆಳಕಿಗೆ ವಾಲಿಸಿ ನೋಡಿದಳು, ನನ್ನ ಮುಖ ನೋಡಿದಳು.

"ಏನ್ರಿ ಇದು, ಖಾಲಿ? ಬೀಗರು ಬಂದಿದ್ರೇನು?"

"ಬಂದಿದ್ರು" ಎಂದೆ. "ಇವತ್ತ ಮುಂಜಾನೆ ರೈಲಿಗೆ ಹೋದ್ರು."